ಡ್ರಮ್ಮಿನ ತಳದ ಗುಲಾಬಿ ಬಣ್ಣ

ಸೋಮವಾರ ಮುಂಜಾನೆ ಅಣ್ಣಾಸಾಬ ಠಾಣೆಗೆ ಬಂದರು. ಕರೋಶಿಯಿಂದ ಆಚೆಗಿರುವ ಮಡ್ಡಿವಾಡಿಯ ಹೈಸ್ಕೂಲು ಅವರ ಸಂಸ್ಥೆಯದು, ಅಧ್ಯಕ್ಷರೂ ಅವರೇ. ದೂರು ಕೊಡುವವರು ಸಾಮಾನ್ಯವಾಗಿ ಬಾಗಿಲಲ್ಲೇ ಅಳುಕುತ್ತ ನಿಲ್ಲುತ್ತಾರೆ. ಇವರು ಪಿಎಸ್‌ಐ ಬಸವಂತನ ಎದುರಿನ ಕುರ್ಚಿ ಎಳೆದುಕೊಂಡು ಕೂತು, ಚಹಾ ಇನ್ನೂ ಯಾಕೆ ಬಂದಿಲ್ಲ ಎನ್ನುವಂತೆ ಸುತ್ತ ನೋಡಿದರು.

"ನಮ್ಮ ಸಾಲ್ಯಾಗಿನ ಪೆಟ್ರೋಲಿಗೆ ಯಾರೋ ನೀರ ಹಾಕ್ಯಾರ. ಕೇಸ್ ಮಾಡ್ರಿ."

ಬಸವಂತ ಪೆನ್ನು ಎತ್ತಿದವನು ಹಾಗೇ ಹಿಡಿದುಕೊಂಡ. "ಸಾಲ್ಯಾಗ ಪೆಟ್ರೋಲ್ ಯಾಕ ಐತ್ರಿ?"

"ಜನರೇಟರಿಗೆ."

"ಎಷ್ಟು?"

"ಒಂದ ಡ್ರಮ್ಮು."

ಪಕ್ಕದ ಮೇಜಿನಲ್ಲಿ ದೂರು ಟೈಪ್ ಮಾಡುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಅರ್ಶಿಯಾ ತಲೆ ಎತ್ತದೆ ಕೇಳಿದಳು. "ಜನರೇಟರ್ ಯಾವ ಕಂಪನೀದ್ರಿ?"

"ತರಸೂದೈತಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಠಾಣೆ ಬೇಕಾದಷ್ಟು ಕಂಡಿದೆ. ಕುಂಬಳಕಾಯಿಯನ್ನೇ ಹೊತ್ತು ತಂದು ಮೇಜಿನ ಮೇಲಿಟ್ಟು ದೂರು ಕೊಟ್ಟವರು ಇವರೇ ಮೊದಲು. ಅಣ್ಣಾಸಾಬ ಕ್ಯಾನಿನಲ್ಲಿ ಬಿಡಿ ಪೆಟ್ರೋಲ್ ಮಾರುವುದು ಸುತ್ತಿನ ಹಳ್ಳಿಗೆಲ್ಲ ಗೊತ್ತಿತ್ತು. ಎಲ್ಲಿ ಇಡುತ್ತಾರೆ ಎನ್ನುವುದಷ್ಟೇ ಕಾಗದದ ಮೇಲೆ ಬಂದಿರಲಿಲ್ಲ, ಈಗ ಅವರ ಬಾಯಿಂದಲೇ ಬಂತು. ಬಸವಂತ ಮುಖದಲ್ಲಿ ಏನೂ ತೋರಿಸದೆ ಎಫ್‌ಐಆರ್ ದಾಖಲಿಸಿ, ಒಂದು ಪ್ರತಿಯನ್ನು ಅಧ್ಯಕ್ಷರ ಕೈಗೆ ಕೊಟ್ಟ.

ಬಸವಂತ, ಅರ್ಶಿಯಾ ಮೊದಲು ಹೋದದ್ದು ಬಸ್ ಸ್ಟ್ಯಾಂಡಿನ ಹಿಂದಿರುವ ಅಫ್ಜಲನ ಗ್ಯಾರೇಜಿಗೆ. ಅಣ್ಣಾಸಾಬರ ಪೆಟ್ರೋಲ್ ಹಾಕಿಸಿಕೊಂಡು ಕೆಟ್ಟ ಮೂರು ಬೈಕು ಎರಡು ದಿನದಲ್ಲಿ ಅಲ್ಲಿಗೆ ಬಂದಿದ್ದವು. ಒಂದು ಕರೋಶಿಯಲ್ಲಿ, ಒಂದು ಅಕ್ಕೋಳದ ದಾರಿಯಲ್ಲಿ ನಿಂತುಬಿಟ್ಟಿತ್ತು. ಮೂರನೆಯದರ ಮೇಲೆ ಐನಾಪುರಕ್ಕೆ ಮದುವೆಗೆ ಹೊರಟಿದ್ದವನು ಹೊಸ ಅಂಗಿಯಲ್ಲೇ ಗಾಡಿ ನೂಕಿಕೊಂಡು ಬಂದಿದ್ದ.

ಅಫ್ಜಲ ಒಂದು ಪ್ಲಾಸ್ಟಿಕ್ ಬಾಟಲಿ ತಂದು ಬೆಳಕಿಗೆ ಹಿಡಿದ. "ಟಾಕಿ ತಳದಾಗಿಂದು ಸಾಹೇಬ್ರ. ಹತ್ತೊರ್ಸಾ ಗ್ಯಾರೇಜ್ ಮಾಡೇನಿ, ಗುಲಾಬಿ ಬಣ್ಣದ ನೀರು ಇದ ಮೊದಲ ನೋಡೂದು."

ಬಾಟಲಿಯ ಮೇಲ್ಭಾಗದಲ್ಲಿ ಪೆಟ್ರೋಲು, ಕೆಳಗೆ ನೀರು. ಬಸವಂತ ಪಕ್ಕದ ರಸದ ಗಾಡಿಯಿಂದ ಒಂದು ಲಿಂಬೆಹಣ್ಣು ತರಿಸಿ, ತಳದ ನೀರನ್ನಷ್ಟೇ ಲೋಟಕ್ಕೆ ಬಸಿದು ನಾಲ್ಕು ಹನಿ ಹಿಂಡಿದ. ಬಣ್ಣ ಹೇಳಹೆಸರಿಲ್ಲದೆ ಹೋಯಿತು.

"ಜಾದೂ ಕಲತೀರೇನ್ರಿ?" ಎಂದಳು ಅರ್ಶಿಯಾ.

"ಹತ್ತನೇ ಇಯತ್ತೆ ಸೈನ್ಸ್. ಸುಣ್ಣದ ತಿಳಿಯೊಳಗ ಫಿನಾಫ್ತಲೀನ್ ಹಾಕಿದ್ರ ಗುಲಾಬಿ ಆಗತೈತಿ. ಹುಳಿ ಬಿದ್ರ ಹೋಗತೈತಿ. ಸುಣ್ಣ ಎಲ್ಲಾರ ಕಿಸೇದಾಗೂ ಇರತೈತಿ. ಫಿನಾಫ್ತಲೀನ್ ಸಾಲಿ ಕಪಾಟಿನ್ಯಾಗಷ್ಟ ಇರತೈತಿ."

ಮಧ್ಯಾಹ್ನ ಶಾಲೆಯಲ್ಲಿ ಪಂಚನಾಮೆ ನಡೆಯಿತು. ಪ್ರಯೋಗಾಲಯ ಎಂದು ಬೋರ್ಡಿದ್ದ ಕೋಣೆಯ ಬೀಗ ತೆಗೆದಾಗ ಮೂಗಿಗೆ ಹೊಡೆದ ವಾಸನೆಗೆ ಪಂಚರಿಬ್ಬರೂ ಹಿಂದೆ ಸರಿದರು. ಬೀಕರು, ಪ್ರನಾಳಗಳು ಮೂಲೆಯಲ್ಲಿ ಗೋಣಿಚೀಲದಲ್ಲಿದ್ದವು. ನಡುವೆ ಡ್ರಮ್ಮು, ಅದಕ್ಕೆ ತಳ ಮುಟ್ಟುವ ಕೈಪಂಪು. ನೀರು ಪೆಟ್ರೋಲಿಗಿಂತ ಭಾರ. ಹಾಗಾಗಿ ಪಂಪು ಒತ್ತಿದವರಿಗೆಲ್ಲ ಮೊದಲು ನೀರೇ ಸಿಕ್ಕಿತ್ತು.

ಬಸವಂತ ಹೇಳುತ್ತ ಹೋದ, ಅರ್ಶಿಯಾ ಬರೆಯುತ್ತ ಹೋದಳು. ಕೋಣೆಯ ಎಡಕ್ಕೆ ಒಂಬತ್ತನೆಯ ತರಗತಿ. ನಡುವಿನ ಮರದ ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದು. ಬಲಕ್ಕೆ ಬಿಸಿಯೂಟದ ಅಡುಗೆಮನೆ, ಒಳಗೆ ಎರಡು ಗ್ಯಾಸ್ ಒಲೆ ಉರಿಯುತ್ತಿವೆ. ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿದೆ. ಮರಳಿನ ಬಕೆಟ್ಟುಗಳಲ್ಲಿ ಮರಳಿಲ್ಲ, ಗುಟ್ಕಾ ಉಗುಳಿದೆ.

"ನೀರ ಹಾಕಿದಾವನ್ನ ಹಿಡೀರಂದ್ರ ಬಕೀಟ ಎಣಸಾಕತ್ತೀರಿ," ಅಣ್ಣಾಸಾಬ ಕೆಂಪಾದರು. "ಅದನ್ನೆಲ್ಲ ಯಾಕ ಬರೀತೀರಿ?"

"ಪಂಚನಾಮೆ ಅಂದ್ರ ಕಂಡದ್ದೆಲ್ಲ ಬರೀಬೇಕಾಗತೈತ್ರಿ. ಕರಸಿದವರು ನೀವ ಅದೀರಿ."

ಡ್ರಮ್ಮನ್ನು ಮುದ್ದೆಮಾಲೆಂದು ಜಪ್ತಿ ಮಾಡಿ ಹೊರಗೆ ಸಾಗಿಸಿದರು. ಅಧ್ಯಕ್ಷರು ಆಗ ಶಾಲೆಯ ಸಿಪಾಯಿ ಮಾಳೇಶನ ಕುತ್ತಿಗೆಗೆ ಕೈಹಾಕಿ ಮುಂದಕ್ಕೆ ದಬ್ಬಿದರು. ಮಾಳೇಶ ಹಾಲುಮತದವನು, ದಿನಾ ಹಣೆಗೆ ಭಂಡಾರದ ಅರಿಸಿನ ಹಚ್ಚಿ ಬರುವವನು. ಅವನ ಹೆಗಲ ಮೇಲಿನ ವಲ್ಲಿಯ ತುದಿಯಲ್ಲಿ ಕೆಂಪು ಕಲೆ ಇತ್ತು.

"ನೋಡ್ರಿ, ಅದ ಬಣ್ಣ. ಕೀಲಿ ಇವನ ಕೈಯಾಗ ಇರತೈತಿ. ಉಂಡ ಮನಿ ಗಳ ಎಣಸು ಮಗ!"

"ಕೀಲಿ ಯಾರಿಗೆ ಕೊಟ್ಟಿದ್ದಿ?" ಬಸವಂತ ಕೇಳಿದ.

"ನನ್ನ ಕೈಯಾಗ ಇತ್ರಿ."

"ಒಳಗ ಯಾರ ಹೋಗಿದ್ರು?"

"ನನ್ನ ಕೈಯಾಗ ಇತ್ರಿ ಅಂದ್ನೆಲ್ರಿ."

ಇದಕ್ಕಿಂತ ಒಂದು ಮಾತು ಹೆಚ್ಚು ಅವನ ಬಾಯಿಂದ ಬರಲಿಲ್ಲ. ಠಾಣೆಗೆ ತಂದು ಕೂರಿಸಿದಾಗಲೂ ಅಷ್ಟೇ. ಬಸವಂತ ಅವನ ಕಿಸೆಯ ತಂಬಾಕಿನ ಚಂಚಿ ಬಿಚ್ಚಿಸಿ, ಸುಣ್ಣದ ಡಬ್ಬಿಗೆ ಬೆರಳದ್ದಿ, ವಲ್ಲಿಯ ಇನ್ನೊಂದು ತುದಿಯಲ್ಲಿ ಭಂಡಾರದಿಂದ ಹಳದಿಯಾಗಿದ್ದ ಜಾಗಕ್ಕೆ ತಿಕ್ಕಿದ. ಅದೂ ಹಾಗೆಯೇ ಕೆಂಪಾಯಿತು. ಅರಿಸಿನಕ್ಕೆ ಸುಣ್ಣ ತಾಗಿದರೆ ಆಗುವುದೇ ಅದು. ಮುಂಜಾನೆ ಭಂಡಾರದ ಕೈ ಒರೆಸಿದ ಬಟ್ಟೆಗೇ ಹೊತ್ತು ಏರಿದ ಮೇಲೆ ತಂಬಾಕು ತಿಕ್ಕಿದ ಕೈ ಒರೆಸುವುದು ಈ ಕಡೆಯ ಗಂಡಸರ ರೂಢಿ.

"ಈ ಕಲೆ ನೋಡಿ ಹಿಡಿಯೂದಾದ್ರ ಅರ್ಧ ತಾಲೂಕ ಒಳಗ ಹಾಕಬೇಕಾಗತೈತಿ," ಎಂದ ಬಸವಂತ. ಆದರೂ ಕೀಲಿಯ ಮಾತು ಬಗೆಹರಿಯುವವರೆಗೆ ಮಾಳೇಶನನ್ನು ಬಿಡುವಂತಿರಲಿಲ್ಲ.

ಶಾಲೆ ಬಿಡುವ ಮೊದಲೇ ಹೊರಟು, ನಾಲ್ಕರ ಬಸ್ಸಿಗೆ ಚಂದ್ರಮತಿ ಬಂದಳು. ಮಡ್ಡಿವಾಡಿಯ ವಿಜ್ಞಾನ ಶಿಕ್ಷಕಿ, ಆ ಸಂಸ್ಥೆಗೆ ಸೇರಿ ಆರು ವರ್ಷ. ಕೂಡಿರೆಂದರೂ ಕೂಡಲಿಲ್ಲ.

"ಮಾಳೇಶನ್ನ ಬಿಡ್ರಿ. ಬೀಕರ್ ಬೇಕಂತ ಸುಳ್ಳ ಹೇಳಿ ಕೀಲಿ ಇಸ್ಕೊಂಡಾಕಿ ನಾನು. ನೀರ ಹಾಕಿದಾಕೀನೂ ನಾನ."

"ಯಾಕ್ ಹಾಕಿದ್ರಿ?"

"ನೀವು ಬರ್ಲೀ ಅಂತ."

ಅವಳು ನಿಲ್ಲಿಸಲಿಲ್ಲ. "ಶಿಕ್ಷಣ ಇಲಾಖೆಗೆ ಅರ್ಜಿ ಕೊಟ್ಟೆ, ಬರಲಿಲ್ಲ. ಅಗ್ನಿಶಾಮಕದವರಿಗೆ ಕೊಟ್ಟೆ, ಬರಲಿಲ್ಲ. ನಿಮ್ಮ ಠಾಣೇಕೂ ಕೊಟ್ಟೇನಿ, ಹುಡಕ್ರಿ, ಎಲ್ಲೋ ಬಿದ್ದಿರತೈತಿ. ಇನ್ನೂರ ಹುಡುಗರು ಪೆಟ್ರೋಲ್ ಬಾಜೂಕ ಕುಂತಾಗ ಯಾರೂ ಬರಲಿಲ್ಲ. ಅಧ್ಯಕ್ಷರ ಪೆಟ್ರೋಲಿಗೆ ಒಂದ ಬಕೀಟ ನೀರ ಬಿದ್ದಕೂಡ್ಲೆ ಜೀಪ್ ಬಂತಲ್ರಿ!"

ಮಾತು ಚುರುಕ್ಕೆಂದಿತು. ಬಸವಂತ ಈ ಠಾಣೆಗೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ನಾನಿರುವಾಗ ಬಂದ ಅರ್ಜಿಯಲ್ಲ ಎನ್ನಬಹುದಿತ್ತು. ನಾಚಿಕೆಯಾಗಿ ಅನ್ನಲಿಲ್ಲ.

"ಬಣ್ಣ ಯಾಕ?"

"ಬರೇ ನೀರಾಗಿದ್ರ ಬಂಕಿನವರ ಮ್ಯಾಲೆ ಹಾಕಿ ಕೈ ತೊಳಕೋತಿದ್ರು. ಇದು ಸಾಲಿಯೊಳಗಿಂದನ ಬಂದೈತಂತ ಪೆಟ್ರೋಲ್ ಹೋದ ಕಡೆಗೆಲ್ಲ ಗೊತ್ತಾಗಬೇಕಿತ್ತು."

"ಗಾಡಿ ನಡುರಸ್ತ್ಯಾಗ ನಿಂತಾವ ಅಕ್ಕೋರ. ಹಿಂದಿಂದ ಕಬ್ಬಿನ ಟ್ರ್ಯಾಕ್ಟರ್ ಬಂದಿದ್ರ?"

ಆಗ ಮಾತ್ರ ಅವಳ ದನಿ ಇಳಿಯಿತು. "ಮೊದಲನೇ ಗಿರಾಕೀನ ಕ್ಯಾನಿನ್ಯಾಗ ಬಣ್ಣ ನೋಡಿ ಜಗಳಾಡತಾನಂತ ತಿಳಕೊಂಡಿದ್ದೆ. ಅದು ತಪ್ಪಾತು. ಅದಕ್ಕ ಕೇಸ್ ಹಾಕ್ರಿ. ಬ್ಯಾಡ ಅನ್ನೂದಿಲ್ಲ. ಆದ್ರ ಮಾಫಿ ಮಾತ್ರ ಆ ಗಾಡಿಯವರಿಗೆ ಕೇಳತೀನಿ, ಅಣ್ಣಾಸಾಬಗ ಕೇಳೂದಿಲ್ಲ."

ಮಾಳೇಶನನ್ನು ಮನೆಗೆ ಕಳಿಸಿದರು. ಅಣ್ಣಾಸಾಬರನ್ನು ಕರೆಸಿದಾಗ ಅವರು ಶಿಕ್ಷಕಿಯನ್ನು ನೋಡಿ ಮೀಸೆ ತೀಡಿದರು. ಬಸವಂತ ಎರಡನೆಯ ಎಫ್‌ಐಆರ್ ಮುಂದಿಟ್ಟ. ಫಿರ್ಯಾದಿ ಸರ್ಕಾರ, ಆರೋಪಿ ಅಣ್ಣಾಸಾಬ. ಪರವಾನಗಿ ಇಲ್ಲದೆ ಪೆಟ್ರೋಲ್ ಸಂಗ್ರಹ, ಮಾರಾಟ, ಬೆಂಕಿ ಹತ್ತುವ ವಸ್ತುವನ್ನು ಜೀವಕ್ಕೆ ಅಪಾಯವಾಗುವಂತೆ ಇಟ್ಟದ್ದು. ಸಾಕ್ಷಿ ಎಂದು ಮೊದಲು ಲಗತ್ತಿಸಿದ್ದು ಅವರದೇ ದೂರು.

"ಫಿರ್ಯಾದಿ ನಾ ಅದೀನಿ! ನನ್ನ ಹಿಡೀತೀರಿ?"

"ನಿಮ್ಮ ಫಿರ್ಯಾದಿನೂ ನಡೀತೈತ್ರಿ. ಇದೂ ನಡೀತೈತಿ."

ಅವರು ಬೆಳಗಾವಿಗೆ, ಅಲ್ಲಿಂದ ಬೆಂಗಳೂರಿಗೆ ಫೋನು ಹಚ್ಚಿದರು. ಎಫ್‌ಐಆರ್ ಆನ್‌ಲೈನಿಗೆ ಏರಿಸಿ ಆಗಿತ್ತು, ಪಂಚರ ಸಹಿಯೂ ಬಿದ್ದಿತ್ತು. ಫೋನಿನ ಆ ತುದಿಯವರಿಗೂ ಅದು ಗೊತ್ತಾಗಿರಬೇಕು, ಮಾತು ಬೇಗ ಮುಗಿಯಿತು.

ಹೆಂಗಸರನ್ನು ಹೊತ್ತು ಮುಳುಗಿದ ಮೇಲೆ ದಸ್ತಗಿರಿ ಮಾಡುವಂತಿಲ್ಲ. ಅರ್ಶಿಯಾ ಬೇಗಬೇಗ ಚಂದ್ರಮತಿಯ ಹೇಳಿಕೆ ಬರೆದುಕೊಂಡಳು. ಜಾಮೀನು ಸಿಗುವ ಕಲಮು. ನೌಕರಿ ಉಳಿಯುವುದು ಮಾತ್ರ ಸುಳ್ಳು. ಆ ಸಂಸ್ಥೆಯಲ್ಲಷ್ಟೇ ಅಲ್ಲ, ಕೇಸಿರುವ ಶಿಕ್ಷಕಿಯನ್ನು ನಿಪ್ಪಾಣಿಯಿಂದ ಅಥಣಿಯವರೆಗೆ ಯಾವ ಸಂಸ್ಥೆಯೂ ಕರೆಯುವುದಿಲ್ಲ.

ಹೇಳಿಕೆಯ ಕೊನೆಗೆ ಅವಳು ಒಂದು ಸಂಗತಿ ಸೇರಿಸಿದಳು. ಇಂಧನಗಳ ಪಾಠ ನಡೆದಿತ್ತಂತೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹಂಗಾರ ಆ ಬಾಗಲಾ ಕೆಳಗಿಂದ ಬರಾಕತ್ತಿರಬೇಕಲ್ರಿ ಅಕ್ಕೋರ?" ಎಂದು ಕೇಳಿ, ಕಾಲನ್ನು ಬೆಂಚಿನ ಮೇಲೆ ಎಳೆದುಕೊಂಡಳಂತೆ. ನೋಡನೋಡುತ್ತ ಇಡೀ ತರಗತಿ ಕಾಲು ಮೇಲಿಟ್ಟುಕೊಂಡಿತು. ಮರುದಿನದಿಂದ ಚಂದ್ರಮತಿ ಬೇವಿನ ಗಿಡದ ಕೆಳಗೆ ಪಾಠ ಮಾಡಿದಳು. ಶಿಸ್ತು ಮುರಿದಳೆಂದು ಅಧ್ಯಕ್ಷರು ನೋಟಿಸು ಕೊಟ್ಟು, ಹುಡುಗರನ್ನು ಮತ್ತೆ ಅದೇ ಕೋಣೆಗೆ ಕಳಿಸಿದರು.

ಅರ್ಶಿಯಾ ದಸ್ತಗಿರಿ ಮೆಮೊ ಮುಂದಿಟ್ಟು ಕೇಳಿದಳು. "ಅರೆಸ್ಟ್ ಮಾಡಿದ್ದು ಯಾರಿಗೆ ತಿಳಸಬೇಕ್ರಿ? ಹೆಸರ ಹೇಳ್ರಿ."

"ಒಂಬತ್ತನೇ ಇಯತ್ತೆಯವರಿಗೆ."

"ಮನಿಯವರದ ಹೇಳಬೇಕ್ರಿ ಅಕ್ಕೋರ."

"ನಮ್ಮವ್ವನ ಹೆಸರ ಬರಕೋರಿ, ಸಾವಿತ್ರೆವ್ವ. ಆಕಿಗೆ ನಾನ ಹೇಳತೀನಿ. ಹುಡುಗರಿಗೆ ನೀವು ಹೇಳ್ರಿ, ಡ್ರಮ್ ಹೋತು, ಇನ್ನ ಕಾಲ ಕೆಳಗಿಡ್ರಿ ಅಂತ."

ಅರ್ಶಿಯಾ ಮೆಮೊದಲ್ಲಿ ಸಾವಿತ್ರೆವ್ವನ ಹೆಸರು ಬರೆದಳು. ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಹೋಗಿ ಒಂಬತ್ತನೆಯ ತರಗತಿಯ ಬಾಗಿಲಲ್ಲಿ ನಿಂತಿದ್ದಳು.