ನಾಲ್ಕು ಗಂಟೆಯ ಆರ್ಡರ್

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಿಟ್ಟವನಿಗೆ ಮದುವೆಯಿಲ್ಲ. ಗಾದೆ ಹಾಳಾಯಿತು ಅನ್ನುವವರು ಪೂರ್ತಿ ಓದಿ ಆಮೇಲೆ ರಿಪೇರಿ ಮಾಡಿಕೊಳ್ಳಲಿ. ನಡೆದದ್ದನ್ನೇ ಹೇಳುತ್ತೇನೆ. ಸುಳ್ಳು ಹೇಳಿದ್ದು ಫೋನಿನಲ್ಲಿ ಮಾತ್ರ.

೧೯೭೪ರ ಫೆಬ್ರವರಿ. ಪೆಟ್ರೋಲಿಗೆ ಬರ, ಗ್ಯಾಸ್ ಸ್ಟೇಷನ್ನುಗಳ ಮುಂದೆ ಮೈಲುದ್ದದ ಕ್ಯೂ. ಕಾರಿಗೆ ಕುಡಿಯಲು ಗತಿಯಿಲ್ಲದ್ದಕ್ಕೆ ಒಂದು ಕಂಪನಿ ತನ್ನ ಕೆಮಿಸ್ಟ್ರಿ ಪಂಡಿತನಿಗೆ “ಮನೆಯಲ್ಲೇ ಕೂತು ಮಾಡು” ಅಂದುಬಿಟ್ಟಿತು. ಎಡಿಸನ್ ಊರಿನ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಗೋಡೆಯ ಆ ಕಡೆ, ಆ ಪಂಡಿತ: ದ್ವಾರಕಾನಾಥ. ದ್ವಾರವನ್ನೇ ತೆರೆಯದ ದ್ವಾರಕಾನಾಥ. ಉದ್ದುದ್ದ ಲೇಖನ ಓದಿ ಹತ್ತು ಸಾಲಿನ ಸಾರಾಂಶ ಬರೆಯುವುದು ಅವನ ಕೆಲಸ.

ಮನೆಯಲ್ಲೇ ದುಡಿಯುವವಳು ನಾನೂ ಹೌದು. ವಿದ್ಯಾರ್ಥಿಗಳ ಥೀಸಿಸ್ ಟೈಪ್ ಮಾಡುತ್ತಿದ್ದೆ. ಅಕ್ಕ ಅನಸೂಯ ಆಸ್ಪತ್ರೆ ಡ್ಯೂಟಿಗೆ ಹೋದಮೇಲೆ ರೇಡಿಯೋ ಹಾಕಿ, ಪೋಸ್ಟ್‌ಮ್ಯಾನಿಗೆ ಅವನದೇ ಸ್ವರದಲ್ಲಿ ಗುಡ್ ಮಾರ್ನಿಂಗ್ ಹೇಳಿ, ಬದುಕಿದ್ದೆ.

ಇವನೋ? ಎಂಟೂಮುಕ್ಕಾಲಿಗೆ ಟೈ ಬಿಗಿದು ಬ್ರೀಫ್‌ಕೇಸ್ ಹಿಡಿದು ಹಿಂಬಾಗಿಲಿನಿಂದ ಹೊರಡುವುದು. ಹಿಮದಲ್ಲಿ ಬಿಲ್ಡಿಂಗಿಗೆ ಒಂದು ಪ್ರದಕ್ಷಿಣೆ. ಒಂಬತ್ತಕ್ಕೆ ಮುಂಬಾಗಿಲಿನಿಂದ ‘ಆಫೀಸಿಗೆ’ ಆಗಮನ. ಬಾಗಿಲಿಗೊಂದು ಬೋರ್ಡು: ಒಂಬತ್ತರಿಂದ ಐದು, ತಟ್ಟಬಾರದು. ಪ್ರದಕ್ಷಿಣೆ ಹಾಕಲು ಅದೇನು ದೇವಸ್ಥಾನವೇ? ಆದರೂ ಆಗಲಿ, ಒಳಗಿದ್ದದ್ದು ಕಲ್ಲೇ.

ಒಂದು ಶನಿವಾರ ಲಾಂಡ್ರಿ ರೂಮಿನಲ್ಲಿ ಸಿಕ್ಕ.

“ಏನ್ರೀ, ನಾಲಿಗೇನೂ ವಾಷರ್‌ಗೆ ಹಾಕಿದ್ದೀರಾ?”

ಬಾಯಿ ತೆರೆದ. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗಾಯಿತು. ಕೆಮ್ಮಿದ. “ಕ್ಷಮಿಸಿ. ಮಂಗಳವಾರದಿಂದ ಮಾತಾಡಿರಲಿಲ್ಲ.”

“ಯಾರ ಹತ್ರ?”

“ಯಾರ ಹತ್ರಾನೂ.”

ಕಾಲುಚೀಲ ಜೋಡಿಸುತ್ತಾ ಅವನ ಕಣ್ಣು ನನ್ನವರೆಗೆ ಬಂತು, ಸಿಕ್ಕಿಬಿತ್ತು, ಬುಟ್ಟಿಯೊಳಗೆ ಬಚ್ಚಿಟ್ಟುಕೊಂಡಿತು. “ಓಹಾಯೋ ಬ್ರಾಂಚಿಗೆ ಬಾ ಅಂತಿದಾರೆ. ಅಲ್ಲಿ ಪಕ್ಕದ ಡೆಸ್ಕಲ್ಲಿ ಮನುಷ್ಯರಿರ್ತಾರಂತೆ. ತಿಂಗಳ ಕೊನೇ ಶುಕ್ರವಾರದೊಳಗೆ ಹೇಳಬೇಕು.”

“ಹೋಗಿ ಹೋಗಿ. ಓಹಾಯೋ ಏನು ಪುಣ್ಯ ಮಾಡಿತ್ತೋ!”

ಮನೆಗೆ ಬಂದು ಒಂದೇ ಹಾಳೆಯಲ್ಲಿ ಹದಿನಾಲ್ಕು ತಪ್ಪು ಟೈಪ್ ಮಾಡಿದೆ. ಆ ಕಲ್ಲಿಗಾಗಿ! ನಾನು!

ಅವನ ಮನೆಗೆ ಫೋನ್ ಕನೆಕ್ಷನ್ ಬರುವ ಮೊದಲು ಅವನ ಆಫೀಸಿನ ಸೆಕ್ರೆಟರಿ ಮಾರ್ಗರೆಟ್ ನಮ್ಮ ನಂಬರಿಗೇ ಮಾಡಿ ಸಂದೇಶ ಕೊಡುತ್ತಿದ್ದಳು. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಸಾಯುವ ಅವಳ ಸ್ವರ ನನಗೆ ಕಂಠಪಾಠ, ಅಲ್ಲ, ಮೂಗುಪಾಠ. ಸೋಮವಾರ ಹನ್ನೊಂದಕ್ಕೆ, ಬೇಳೆಗೆ ಕುಕ್ಕರ್ ಇಟ್ಟು ಡಯಲ್ ಮಾಡಿದೆ. ಮಾತೆಲ್ಲ ಇಂಗ್ಲಿಷಿನಲ್ಲೇ; ನಿಮಗಾಗಿ ಕನ್ನಡ ಮಾಡಿದ್ದೇನೆ.

“ಡ್ವಾರ್ಕಾ, ಹನಿ, ನ್ಯೂ ರೂಲ್. ಮನೆಯಲ್ಲಿ ಕೆಲಸ ಮಾಡೋರು ದಿನಾ ನಾಲ್ಕು ಗಂಟೆಗೆ ಜೀವ ಇರೋ ಒಬ್ಬರ ಹತ್ರ ಕಾಲು ಗಂಟೆ ಮಾತಾಡಬೇಕು. ಮಾರನೇ ದಿನ ಹನ್ನೊಂದಕ್ಕೆ ನಾನು ಫೋನ್ ಮಾಡ್ತೀನಿ, ರಿಪೋರ್ಟ್ ಕೊಡಬೇಕು.”

ಪೆನ್ಸಿಲ್ ಗೀಚಿದ ಸದ್ದು. “ಗಿಡ ಆದರೆ ನಡೆಯುತ್ತಾ?”

“ನೋ ಪ್ಲಾಂಟ್ಸ್, ಹನಿ.”

ನಾಲ್ಕಕ್ಕೆ ಸರಿಯಾಗಿ ನಮ್ಮ ಬಾಗಿಲು ಸದ್ದಾಯಿತು. “ರಾಜಿಯವರೇ, ಇದು ಆಫೀಸ್ ಆರ್ಡರ್,” ಅಂತ ಪ್ಯಾಡು ಪೆನ್ಸಿಲ್ ಸಮೇತ ಸೋಫಾದ ಅಂಚಿನಲ್ಲಿ ಕೂತ. ಮೊದಲ ದಿನ ಹವಾಮಾನ. ಎರಡನೇ ದಿನವೂ ಹವಾಮಾನ, ಅದು ಬದಲಾಗಿರಲಿಲ್ಲ. ಮೂರನೇ ದಿನ ನಾನು ನಮ್ಮ ಬಿಲ್ಡಿಂಗ್ ನೋಡಿಕೊಳ್ಳುವ ಸೂಪರ್ ಟೋನಿಯ ಮಿಮಿಕ್ರಿ ಮಾಡಿದಾಗ ಕಲ್ಲು ಸ್ವಲ್ಪ ನಕ್ಕಿತು. ಎರಡನೇ ವಾರ ಪ್ಯಾಡು ತರುವುದನ್ನೇ ಮರೆತ. ನಾನು ಕಾಫಿ ಬಗ್ಗಿಸುವಾಗ ಕೈಯನ್ನೇ ನೋಡುತ್ತಿದ್ದ. ನಾನು ನೋಡಿದರೆ ಚಮಚದ ಮೇಲೆ ಸಂಶೋಧನೆ.

ಬೆಳಗಿನ ರಿಪೋರ್ಟು ಮಾತ್ರ ಬೆಂಕಿ. “ಪಕ್ಕದ ಮನೆಯ ರಾಜಿ. ಕಾಫಿ, ಪಾತ್ರೆ ತೊಳೆದ ನೀರು. ಅಹಂಕಾರ, ಅಧಿಕ.”

“ಓ ರಿಯಲಿ?” ಅಂದೆ, ಮಾರ್ಗರೆಟ್ಟಳ ಮೂಗಿನಲ್ಲಿ ನನ್ನ ಹಲ್ಲು ಕಡಿಯುತ್ತಾ.

“ನಗು…” ಅಂತ ನಿಲ್ಲಿಸಿದ. “ಅದರ ಸಾರಾಂಶ ಬರೆಯೋಕಾಗಲ್ಲ. ಪೂರ್ತಿ ಓದಬೇಕು.”

ಫೋನ್ ಇಟ್ಟಮೇಲೆ ಟೈಪ್‌ರೈಟರ್ ಮುಂದೆ ಸುಮ್ಮನೆ ಕೂತೆ. ನಾನು, ಸುಮ್ಮನೆ!

ಕೊನೆಯ ಶುಕ್ರವಾರ ಹನ್ನೊಂದಕ್ಕೆ ಮತ್ತೆ ಕುಕ್ಕರ್ ಇಟ್ಟು ಡಯಲ್ ಮಾಡಿದೆ. “ಡ್ವಾರ್ಕಾ, ಹನಿ, ಓಹಾಯೋ ವಿಷಯ ಏನಾಯ್ತು?”

ನನ್ನ ಹಿಂದೆ ಕುಕ್ಕರ್ ಕೂಗಿತು. ಒಂದು. ಎರಡು. ಮೂರು.

ಆಗ ಅವನು, ಶುದ್ಧ ಕನ್ನಡದಲ್ಲಿ: “ಮಾರ್ಗರೆಟ್ಟಮ್ಮನವರೇ, ಒಲೆ ಆರಿಸಿ. ಬೇಳೆ ಸೀದುಹೋಗತ್ತೆ.”

“ಅಯ್ಯೋ!” ಅಂದೆ, ನಾನೂ ಕನ್ನಡದಲ್ಲೇ. ಓಡಿಹೋಗಿ ಆರಿಸಿ ಬಂದೆ. “ಯಾವಾಗ ಗೊತ್ತಾಯ್ತು?”

“ಮೊದಲನೇ ದಿನವೇ. ಸೀಟಿ ಫೋನಲ್ಲೂ ಬಂತು, ಗೋಡೆಯಲ್ಲೂ ಬಂತು.”

“ಮತ್ತೆ ದಿನಾ ಯಾಕ್ರೀ ಬಂದ್ರಿ, ಪೆದ್ದರ ಥರ?”

“ಆರ್ಡರ್ ಇಲ್ದೆ ನಿಮ್ಮ ಬಾಗಿಲು ತಟ್ಟೋ ಧೈರ್ಯ ಇರಲಿಲ್ಲ.”

ಫೋನ್ ಕಟ್ಟಾಯಿತು. ಹನ್ನೊಂದೂಹತ್ತಕ್ಕೆ, ಆಫೀಸ್ ಅವರ್ಸಿನಲ್ಲೇ, ಬಾಗಿಲು ಸದ್ದಾಯಿತು. ಟೈ ಇಲ್ಲ. ಕೈಯಲ್ಲಿ ಆ ‘ತಟ್ಟಬಾರದು’ ಬೋರ್ಡು.

“ಓಹಾಯೋ?” ಅಂದೆ. ಸ್ವರ ನನ್ನದೇ, ಬೇರೆ ಯಾವುದೂ ಸಿಗಲಿಲ್ಲ.

“ಸೋಮವಾರವೇ ಬೇಡ ಅಂದೆ, ನಿಜವಾದ ಮಾರ್ಗರೆಟ್‌ಗೆ. ಯಾಕೆ ಅಂದಳು. ನಾಲ್ಕು ಗಂಟೆಗೆ ಕೆಲಸ ಇದೆ ಅಂದೆ. ಜೀವನ ಪೂರ್ತಿ.”

ಕಣ್ಣು ತುಂಬಿತು. ಅದನ್ನು ಈ ಪೆದ್ದನಿಗೆ ತೋರಿಸುವುದೇ? ಮಾರ್ಗರೆಟ್ಟಳ ಮೂಗನ್ನೇ ಮುಂದೆ ಬಿಟ್ಟೆ: “ಓ ರಿಯಲಿ, ಹನಿ?”

ಅವನು ನಕ್ಕ. ಮಂಗಳವಾರದಿಂದ ಶನಿವಾರದವರೆಗೆ ಮೌನವಾಗಿದ್ದ ಆ ಕಲ್ಲು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೇಲಿನ ಮನೆಯವರು ನೆಲ ಕುಟ್ಟುವಷ್ಟು ಜೋರಾಗಿ ನಕ್ಕ.