ಒಂದೇ ಕಿವಿ, ಮೂರು ಹೆಸರು

ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಫೋಟೋ ಸ್ಟುಡಿಯೋದ ಮಾಲೀಕರು ಠಾಣೆಗೆ ಬಂದು, ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಪಾಸ್‌ಪೋರ್ಟ್ ಅಳತೆಯ ಮೂರು ಫೋಟೋಗಳನ್ನು ಸಾಲಾಗಿ ಇಟ್ಟರು. ಮೊದಲನೆಯದರಲ್ಲಿ ಗಡ್ಡ, ಎರಡನೆಯದರಲ್ಲಿ ಕನ್ನಡಕ, ಮೂರನೆಯದರಲ್ಲಿ ಎರಡೂ ಇಲ್ಲ.

“ಮೂರೂ ಒಬ್ಬನೇ ಸಾರ್. ಐದು ತಿಂಗಳಲ್ಲಿ ಮೂರು ಹೆಸರು ಹೇಳಿದಾನೆ.”

“ಒಬ್ಬನೇ ಅಂತ ಹೇಗೆ ಹೇಳ್ತೀರಿ?”

“ಎಡಗಿವಿ ನೋಡಿ. ಹಾಲೆ ಸೀಳಿ ಹೊಲಿಗೆ ಬಿದ್ದಿದೆ. ಹೋದ ತಿಂಗಳು ಬಂದಾಗ, ಕಂಪ್ಯೂಟರ್‌ನಲ್ಲಿ ಇದನ್ನ ಅಳಿಸಿಕೊಡಿ ಅಂದ. ಮದುವೆ ಫೋಟೋದಲ್ಲಿ ಮೊಡವೆ ಅಳಿಸಿ ಅನ್ನೋರು ಬೇಕಾದಷ್ಟು ಜನ. ಪಾಸ್‌ಪೋರ್ಟ್ ಫೋಟೋದಲ್ಲಿ ಕಿವಿ ಅಳಿಸಿ ಅಂದೋನು ಇವನೊಬ್ಬನೇ.”

“ತಿಂಗಳು ಸುಮ್ಮನಿದ್ದು ಈಗ ಯಾಕೆ ಬಂದ್ರಿ?”

“ನಿನ್ನೆ ಹಳೇ ಫೈಲ್ ತೆಗೆದುಹಾಕ್ತಿದ್ದೆ. ಇನ್ನೆರಡು ಕಡೆ ಅದೇ ಕಿವಿ ಸಿಕ್ತು. ಬೆಳಗಾಗೋದನ್ನೇ ಕಾದು ಬಂದೆ ಸಾರ್.”

ಮಾಲೀಕರನ್ನೂ ನಂಬದೆ ಇನ್‌ಸ್ಪೆಕ್ಟರ್ ಅವರನ್ನು ಹೊರಗೆ ಕೂರಿಸಿ ಪಾಸ್‌ಪೋರ್ಟ್ ಕಚೇರಿಗೆ ಫೋನ್ ಮಾಡಿದರು. ಎರಡು ಹೆಸರಿಗೆ ಪಾಸ್‌ಪೋರ್ಟ್ ಹೋಗಿಯಾಗಿತ್ತು. ಮೂರನೆಯದು ಅಂಚೆಗೆ ಹೊರಟು ನಿಂತಿತ್ತು. ಮೊದಲನೆಯ ಹೆಸರು ಹೊರದೇಶದ ಪೊಲೀಸರು ಕಳಿಸಿದ ಪಟ್ಟಿಯಲ್ಲಿತ್ತು. ಅಲ್ಲಿನ ಒಂದು ರೈಲು ನಿಲ್ದಾಣದಲ್ಲಿ ಬಾಂಬ್ ಇಟ್ಟವರನ್ನು ಗಡಿ ದಾಟಿಸಿದವನ ಹೆಸರು ಅದು. ಹನ್ನೆರಡೂವರೆಗೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಜೊತೆ ಮೂರೂ ವಿಳಾಸ ಹುಡುಕಿಕೊಂಡು ಹೋದರು. ಮೊದಲನೆಯದು ಐಸ್ ಫ್ಯಾಕ್ಟರಿಯ ಉಗ್ರಾಣ.

“ಇಲ್ಲಿ ಯಾರಾದ್ರೂ ವಾಸ ಇದ್ರಾ?”

“ಐಸ್ ಗಡ್ಡೆ ಬಿಟ್ರೆ ಯಾರೂ ಇಲ್ಲ ಸಾರ್,” ಅಂದ ಕಾವಲುಗಾರ.

ಎರಡನೆಯದು ವೆಲ್ಡಿಂಗ್ ಶೆಡ್. ಮೂರನೆಯದು ಮುಚ್ಚಿಹೋದ ಲಾಂಡ್ರಿಯ ಮಹಡಿ, ಅದಕ್ಕೆ ಮೆಟ್ಟಿಲೇ ಇರಲಿಲ್ಲ. ಇಬ್ಬರು ಪಂಚರ ಎದುರು ಪಂಚನಾಮೆ ಬರೆದರು. ಆದರೆ ಠಾಣೆಯಿಂದ ಹೋಗಿದ್ದ ಪರಿಶೀಲನಾ ವರದಿಗಳಲ್ಲಿ ಮೂರಕ್ಕೂ ಒಂದೇ ಒಕ್ಕಣೆ: ನಾಲ್ಕು ವರ್ಷದಿಂದ ವಾಸ, ನಡತೆ ಉತ್ತಮ. ಕೆಳಗೆ ಸೀಲಣ್ಣನ ಸಹಿ.

ಹದಿನೆಂಟು ವರ್ಷದಿಂದ ಆ ಠಾಣೆಯಲ್ಲಿದ್ದ ಕಾನ್‌ಸ್ಟೇಬಲ್ ಅವನು. ಅವನ ಸೀಲು ಬೀಳದೆ ಕಾಗದ ಅಲ್ಲಾಡುತ್ತಿರಲಿಲ್ಲ, ಅದಕ್ಕೇ ಆ ಹೆಸರು.

“ಸ್ಥಳಕ್ಕೆ ಹೋಗದೆ ಬರೆದಿರ್ತಾರೆ ಸಾರ್. ಸೋಮಾರಿತನ,” ಅಂದಳು ಹೆಡ್ ಕಾನ್‌ಸ್ಟೇಬಲ್.

“ಒಂದು ಸಲ ಆದ್ರೆ ಸೋಮಾರಿತನ. ಒಂದೇ ಮುಖಕ್ಕೆ ಮೂರು ಸಲ?”

ಇವಳಿಗೆ ಎಷ್ಟು ಗೊತ್ತಿರಬಹುದು ಎಂದು ಇನ್‌ಸ್ಪೆಕ್ಟರ್ ಒಂದು ಕ್ಷಣ ಅವಳ ಮುಖವನ್ನೂ ನೋಡಿದರು. ಅದು ಅವಳಿಗೆ ತಿಳಿಯಿತು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಸೀಲಣ್ಣನನ್ನು ಕೋಣೆಗೆ ಕರೆದರು.

“ನಾಳೆ ಮೂರಕ್ಕೆ ಪಾಸ್‌ಪೋರ್ಟ್ ಕಚೇರಿ ಹತ್ರ ಕಿವಿ ಹರಿದವನೊಬ್ಬನ್ನ ಹಿಡೀಬೇಕು. ನೀನೂ ಬಾ. ಯಾರ ಹತ್ರಾನೂ ಬಾಯಿ ಬಿಡಬೇಡ.”

“ಆಯ್ತು ಸಾರ್.”

ಹನ್ನೊಂದು ಒಂಬತ್ತಕ್ಕೆ ಸೀಲಣ್ಣ, ಜಪ್ತಿ ಮಾಡಿದ ಬೈಕುಗಳು ತುಕ್ಕು ಹಿಡಿಯುತ್ತಿದ್ದ ಹಿತ್ತಿಲಿಗೆ ಹೋದ. ಕಾಲುಚೀಲದಿಂದ ಚಿಕ್ಕ ಫೋನ್ ತೆಗೆದು, ಎರಡು ಮಾತಾಡಿ ಇಟ್ಟ. ಇನ್‌ಸ್ಪೆಕ್ಟರ್ ಹೇಳಿದಂತೆ ಕಿಟಕಿಯಿಂದ ಅವನನ್ನೇ ಕಾಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಗಂಟೆ ನಿಮಿಷ ಬರೆದುಕೊಂಡು ವಿಶೇಷ ದಳಕ್ಕೆ ತಿಳಿಸಿದಳು. ಆ ನಿಮಿಷದಲ್ಲಿ ಠಾಣೆಯ ಸುತ್ತಮುತ್ತಲಿಂದ ಹೋದ ಕರೆಗಳನ್ನು ಜಾಲಾಡಿ, ಅವನ ಕರೆ ತಲುಪಿದ ಲಾಡ್ಜ್‌ಗೆ ದಳದವರು ನುಗ್ಗಿದರು. ಹನ್ನೆರಡು ಹತ್ತಕ್ಕೆ ಕಿವಿ ಹರಿದವನು ಅರ್ಧ ತುಂಬಿದ ಚೀಲದ ಸಮೇತ ಸಿಕ್ಕಿಬಿದ್ದ.

ಹನ್ನೆರಡೂವರೆಗೆ ಇನ್‌ಸ್ಪೆಕ್ಟರ್ ಸೀಲಣ್ಣನ ಮೇಜಿನ ಮುಂದೆ ನಿಂತು ಕೈ ಚಾಚಿದರು. “ಆ ಇನ್ನೊಂದು ಫೋನ್ ಕೊಡು.”

ಅವನು ಕುರ್ಚಿ ಹಿಂದೆ ಸರಿಸಿದ. ಬಗ್ಗಿ ಕಾಲುಚೀಲ ಇಳಿಸಿದ. ಅಲ್ಲೇ ಬಂಧನವಾಯಿತು.

“ಎಷ್ಟು ಅರ್ಜಿಗೆ ಸಹಿ ಹಾಕ್ದೆ?”

“ಆರು. ಇವನದು ಮೂರು. ಮಿಕ್ಕ ಮೂವರನ್ನ ನಾನು ನೋಡಿಲ್ಲ.”

“ಅವರು ಯಾರು ಅಂತ ಗೊತ್ತಿತ್ತಾ?”

“ಒಳ್ಳೇ ಕೆಲಸಕ್ಕೆ ಯಾರು ಮೂರು ಹೆಸರು ಇಟ್ಕೊಳ್ತಾರೆ ಸಾರ್.”

“ಏನು ಕೊಟ್ರು?”

“ಫೋನಲ್ಲಿದೆ. ಕೇಳಿ.”

ಅದರಲ್ಲಿ ಆರು ಧ್ವನಿ ಸಂದೇಶಗಳಿದ್ದವು, ಒಂದೊಂದು ಹತ್ತು ಹನ್ನೆರಡು ಸೆಕೆಂಡಿನವು. ಒಂದರಲ್ಲಿ ‘ಅಪ್ಪಾ, ಚೆನ್ನಾಗಿದೀನಿ.’ ಇನ್ನೊಂದರಲ್ಲಿ ‘ಊಟ ಆಯ್ತು, ನೀವು ಮಾತ್ರೆ ತಗೊಂಡ್ರಾ?’ ಸೀಲಣ್ಣನ ಮಗಳು ನರ್ಸ್. ಯುದ್ಧ ನಡೆಯುತ್ತಿದ್ದ ಊರೊಂದರ ಆಸ್ಪತ್ರೆಯಲ್ಲಿದ್ದಳು. ಎರಡು ವರ್ಷದ ಹಿಂದೆ ಆ ಆಸ್ಪತ್ರೆಯನ್ನು ಕಿವಿ ಹರಿದವನ ಕಡೆಯವರು ವಶ ಮಾಡಿಕೊಂಡ ಮೇಲೆ ಅವಳ ಸುದ್ದಿ ಇರಲಿಲ್ಲ. ಆಮೇಲೆ ಕರೆ ಬಂತು. ಒಂದು ಸಹಿಗೆ ಒಂದು ಸಂದೇಶ.

ಆರೂ ಹೆಸರುಗಳು ಅಂದೇ ಎಲ್ಲ ವಿಮಾನ ನಿಲ್ದಾಣ, ಬಂದರುಗಳಿಗೆ ಹೋದವು. ಇಬ್ಬರು ಅದಾಗಲೇ ದೇಶ ಬಿಟ್ಟಿದ್ದರು.

ಶುಕ್ರವಾರ ಮಧ್ಯಾಹ್ನ ಆ ಧ್ವನಿ ಸಂದೇಶಗಳ ಬಗ್ಗೆ ಪ್ರಯೋಗಾಲಯದ ವರದಿ ಬಂತು. ಅದನ್ನು ಹಿಡಿದುಕೊಂಡು ಇನ್‌ಸ್ಪೆಕ್ಟರ್ ಸೀಲಣ್ಣನ ಲಾಕಪ್ ಮುಂದೆ ಬಂದರು.

“ಆರೂ ಒಂದೇ ರೆಕಾರ್ಡಿಂಗ್‌ನಿಂದ ಕತ್ತರಿಸಿದ್ದು. ಹಿಂದೆ ಅದೇ ಮಗು ಅಳ್ತಿದೆ, ಅದೇ ಬಾಗಿಲು ಬಡ್ಕೊಳ್ತಿದೆ. ಒಂದೇ ಸಲ ಮಾತಾಡಿಸಿ ಇಟ್ಕೊಂಡಿದಾರೆ.”

“ಗೊತ್ತಿತ್ತು ಸಾರ್,” ಅಂದ ಸೀಲಣ್ಣ. “ಮೂರನೇದು ಕೇಳ್ದಾಗ್ಲೇ ಗೊತ್ತಾಯ್ತು.”

“ಗೊತ್ತಿದ್ದೂ ಮತ್ತೆ ಮೂರು ಸಹಿ?”

“ಧ್ವನಿ ಅವಳದೇ ಅಲ್ವಾ.”

ಇನ್‌ಸ್ಪೆಕ್ಟರ್ ವರದಿ ಮಡಚಿಕೊಂಡು ಹೊರಗೆ ಹೋದರು. ಹೆಡ್ ಕಾನ್‌ಸ್ಟೇಬಲ್ ಹೋಗಲಿಲ್ಲ.

“ಕಾಣೆಯಾಗಿದಾಳೆ ಅಂತ ದೂರು ಕೊಟ್ಟಿದ್ರಾ?”

“ಪೊಲೀಸರಿಗೆ ಹೇಳಿದ್ರೆ ಮುಗೀತು ಅಂದಿದ್ರು.”

“ನೀವೇ ಪೊಲೀಸು ಅಲ್ವಾ ಅಣ್ಣಾ.”

ಅವಳು ಕುರ್ಚಿ ಎಳೆದುಕೊಂಡು ಸರಳುಗಳ ಈಚೆ ಕೂತು, ಹೊಸ ಹಾಳೆಯ ಮೇಲೆ ದಿನಾಂಕ ಬರೆದಳು. ಶುಕ್ರವಾರ, ಮೂರು ಇಪ್ಪತ್ತು.

“ಮಗಳ ಹೆಸರು, ವಯಸ್ಸು ಹೇಳಿ,” ಅಂದಳು. “ಬರ್ಕೊಳ್ತೀನಿ.”