ಕಣ್ಣಿ ಸಮೇತ ಕೊಟ್ಟ ಕರು

ಡಿಸೆಂಬರ್ ಒಂಬತ್ತು, ಮಂಗಳವಾರ. ಎಂಟು ಗಂಟೆಯಾದರೂ ಶಿಕಾರಿಪುರದ ಮೇಲಿನ ಮಂಜು ಬಿಟ್ಟಿರಲಿಲ್ಲ. ಸೊರಬದಿಂದ ಮೊದಲ ಬಸ್ಸಿಗೆ ಬಂದ ಲೋಕಮ್ಮ ಠಾಣೆಯ ಬಾಗಿಲಲ್ಲೇ ನಿಂತು ಹೇಳಿದಳು:

"ಆ ಲ್ಯಾಬಿನ ಶರಣ್ಯ ಮೇಡಂ ನನ್ನ ಕರು ಕೊಂದ್ರು ಕಣ್ರೀ. ಪರೀಕ್ಷೆಗೆ ಒಂದು ತಿಂಗಳು ಬೇಕು ಅಂತ ಒಯ್ದಿದ್ರು."

"ಮಾರಿದ್ದಲ್ವಾ?" ಇನ್‌ಸ್ಪೆಕ್ಟರ್ ಪರಮಶಿವಪ್ಪ ಕೇಳಿದರು.

"ಮಾರೋರು ಕೊರಳ ಕಣ್ಣಿ ಬಿಚ್ಚಿಟ್ಕೊಂಡು ಬರೀ ಕರು ಕೊಡ್ತಾರೆ. ನಾನು ಕಣ್ಣಿ ಸಮೇತ ಕೊಟ್ಟಿದೀನಿ. ಅಲ್ಲಿ ಕೆಲಸಕ್ಕಿರೋ ಜಟ್ಟಪ್ಪ ನಮ್ಮೂರವನೇ, ಅವನ ಕೈಗೆ."

8.40ಕ್ಕೆ ಎಫ್‌ಐಆರ್ ಆಯಿತು. ಆರೋಪಿಯ ಜಾಗದಲ್ಲಿ ಶರಣ್ಯಳ ಹೆಸರು.

ಜಾನುವಾರು ರೋಗ ಪ್ರಯೋಗಾಲಯದಲ್ಲಿ ಸಂಶೋಧಕಿ ಶರಣ್ಯ ಪರಮಶಿವಪ್ಪನವರ ಮುಂದೆ ದಾಖಲೆ ಪುಸ್ತಕ ಬಿಚ್ಚಿದಳು.

"ಗಳಲೆ ರೋಗದ ಬ್ಯಾಕ್ಟೀರಿಯಾ, ಸರ್. ರೋಗದ ಜೀನ್‌ಗಳನ್ನ ಎಬ್ಬಿಸೋ ಒಂದು ಜೀನ್ ತೆಗೆದಿದ್ದು 23ನೇ ತಳಿ. ಅದು ಸಾಧು. ಅದೇ ಜೀನನ್ನ ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಬಳೆಯಲ್ಲಿಟ್ಟು ವಾಪಸ್ ಸೇರಿಸಿದ್ದು 24. ಅದು ಕೊಲ್ಲುತ್ತೆ. ನಾನು ಕರುವಿಗೆ ಚುಚ್ಚಿದ್ದು 23."

"ಕರು ಹೆಂಗೆ ಸತ್ತಿತು?"

"ಗಂಟಲು ಊದಿ. ಹದಿನಾರು ಗಂಟೆ ಉಸಿರಿಗೆ ಒದ್ದಾಡ್ತು."

11.15ಕ್ಕೆ ಪಂಚನಾಮೆ. ಶೈತ್ಯಪೆಟ್ಟಿಗೆಯ ಸೀಸೆಗಳ ಚೀಟಿಗಳನ್ನು ಕಾನ್‌ಸ್ಟೇಬಲ್ ಹಫೀಜ್ ಉಗುರಿನಿಂದ ಎಬ್ಬಿಸಿ ನೋಡಿದ. 23 ಮತ್ತು 24ರ ಚೀಟಿಗಳು ಮಾತ್ರ ಕಿತ್ತು ಬಂದವು.

"ಇವನ್ನ ಆಮೇಲೆ ಹೊಸದಾಗಿ ಬರೆದು ಹಿಮದ ಮೇಲೆ ಅಂಟಿಸಿದಾರೆ ಸಾರ್. ಅದಲು ಬದಲು ಮಾಡಿದಾರೆ."

ಪರಮಶಿವಪ್ಪ 24ರ ಚೀಟಿಯನ್ನು ಬೆಳಕಿಗೆ ಹಿಡಿದರು. 2 ಇಂಗ್ಲಿಷಿನದು. ಪಕ್ಕದ್ದು ಕನ್ನಡದ ೪.

"ನಾನು ಕನ್ನಡ ಅಂಕಿ ಬರೆಯೋದೇ ಇಲ್ಲ," ಅಂದಳು ಶರಣ್ಯ.

ಕೊಟ್ಟಿಗೆಯ ಗೋಡೆಗೆ ಮೇವಿನ ಪುಸ್ತಕ ತೂಗುಹಾಕಿತ್ತು. ಪುಟದ ತುಂಬ ಕನ್ನಡ ಅಂಕಿ. ಬರೆಯುತ್ತಿದ್ದವನು ಸಹಾಯಕ ಜಟ್ಟಪ್ಪ. ಹಣೆಯಲ್ಲಿ ಬೆಳಗಿನ ವಿಭೂತಿ ಅಳಿಸಿರಲಿಲ್ಲ.

"ಎಷ್ಟು ವರ್ಷದ ಸರ್ವೀಸು?"

"ಹದಿನಾಲ್ಕು."

"ಅಂಕಿಯಲ್ಲಿ ಬರೀರಿ."

೧೪ ಎಂದು ಬರೆದ. ಬರೆದದ್ದನ್ನು ತಾನೇ ಬಹಳ ಹೊತ್ತು ನೋಡಿದ.

"ಮೇಷ್ಟ್ರು ಚೆನ್ನಾಗೇ ತಿದ್ದಿಸಿದಾರೆ ಬಿಡ್ರಿ," ಅಂದ ಹಫೀಜ್.

"ಕರು ಸಾಯುತ್ತೆ ಅಂತ ಗೊತ್ತಿತ್ತಾ?" ಪರಮಶಿವಪ್ಪ ಕೇಳಿದರು.

"ಗೊತ್ತಿತ್ತು ಸಾರ್."

"ಸೂಜಿ ಹಾಕುವಾಗ ಹಿಡಿದೋರು?"

"ನಾನೇ. ಕೈ ನೆಕ್ಕುತ್ತಿತ್ತು."

ಹನ್ನೊಂದು ಸಲ ಸೋತು, ಹನ್ನೆರಡನೇ ಸಲ 24ನೇ ತಳಿ ಕೈಗೂಡಿದ್ದು ಜಟ್ಟಪ್ಪನ ಕೈಯಲ್ಲೇ. ಅಚ್ಚಾದ ಲೇಖನದಲ್ಲಿ ಫೋಟೊ ತೆಗೆದವನ ಹೆಸರೂ ಇತ್ತು, ಅವನದಿರಲಿಲ್ಲ. ಕೇಳಿದ್ದಕ್ಕೆ ಶರಣ್ಯ ನಕ್ಕಿದ್ದಳು: "ಸೀಸೆ ತೊಳೆದೋರ ಹೆಸರೆಲ್ಲ ಹಾಕೋಕಾಗುತ್ತಾ ಜಟ್ಟಪ್ಪ?" "ಅವರ ಹೆಸರೂ ಕೆಡಲಿ ಅಂತ ಚೀಟಿ ಬದಲಿಸಿದೆ ಸಾರ್," ಅಂದ ಜಟ್ಟಪ್ಪ.

4.50ಕ್ಕೆ ಜಟ್ಟಪ್ಪನ ದಸ್ತಗಿರಿ. ಠಾಣೆಯ ಬೆಂಚಿನಲ್ಲಿ ಲೋಕಮ್ಮ ಇನ್ನೂ ಕೂತಿದ್ದಳು. ಜಟ್ಟಪ್ಪ ಹಫೀಜನ ಅಪ್ಪಣೆ ಕೇಳಿ, ತನ್ನ ಚೀಲದಿಂದ ಸುರುಳಿ ಸುತ್ತಿದ ಕಣ್ಣಿ ತೆಗೆದು ಅವಳ ಮಡಿಲಲ್ಲಿಟ್ಟ. ಕುಣಿಕೆಯಲ್ಲಿ ಕೆಂಚು ಕೂದಲು ಇನ್ನೂ ಸಿಕ್ಕಿಕೊಂಡಿತ್ತು.